ರಾಮನಗರ ಸೀಮೆಯಲ್ಲಿ ರೈತರ ಪಾಲುದಾರಿಕೆಯ ಸೌರವಿದ್ಯುತ್

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಜಮೀನಿನ ಒಡೆಯರನ್ನೂ ಊರಿನವರನ್ನೂ ಜೊತೆಗೂಡಿಸಿಕೊಂಡು ಬಿಸಿಲಿನಿಂದ ವಿದ್ಯುತ್ ತೆಗೆಯುವ ಪ್ರಯತ್ನಗಳು ಕಳೆದ ಒಂದು ದಶಕದಿಂದ ನಡೆದಿವೆ. ಪಾವಗಡದಂಥ ದೊಡ್ಡ ಸೋಲಾರ್ ಪಾರ್ಕ್ ಇಲ್ಲಿಲ್ಲ. ಆದರೆ ರೈತ ತನ್ನ ಪಂಪ್‌ಸೆಟ್‌ನಿಂದಲೇ ಕರೆಂಟು ಮಾರಬಹುದೇ ಎಂಬ ಪ್ರಶ್ನೆಯನ್ನು ಕರ್ನಾಟಕದಲ್ಲಿ ಮೊದಮೊದಲು ಪರೀಕ್ಷೆಗೆ ಒಡ್ಡಿದ್ದು ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ. ಈ ಸೀಮೆಗೆ ಈ ವಿಷಯದಲ್ಲಿ ಮಹತ್ವ ಬಂದಿರುವುದು ಮುಖ್ಯವಾಗಿ ಅದರಿಂದಲೇ.

ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆ ರೂಪುಗೊಂಡಾಗ ಅದರಲ್ಲಿದ್ದದ್ದು ಈ ನಾಲ್ಕೇ ತಾಲ್ಲೂಕು. ಕನಕಪುರದಿಂದ ಹಾರೋಹಳ್ಳಿ ಬೇರೆ ತಾಲ್ಲೂಕಾದದ್ದು ಆಮೇಲೆ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಜನರ ಬಾಯಲ್ಲಿ ಅದಿನ್ನೂ ರಾಮನಗರವೇ. ವಿದ್ಯುತ್ ವಿತರಣೆ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ (ಬೆಸ್ಕಾಂ) ಕೈಯಲ್ಲಿದೆ.

ನೆಲ ಮತ್ತು ಅದರ ಬೆಲೆ

ಬಿಸಿಲಿಗೆ ಇಲ್ಲಿ ಕೊರತೆಯಿಲ್ಲ. ಕೊರತೆ ಇರುವುದು ಒಂದೇ ಕಡೆ ಸಮತಟ್ಟಾಗಿ ಸಿಗುವ ಜಮೀನಿಗೆ. ಸಾವನದುರ್ಗ, ರಾಮದೇವರಬೆಟ್ಟದಂಥ ಗ್ರಾನೈಟ್ ಬೆಟ್ಟಗಳು, ಅರ್ಕಾವತಿ, ಕಣ್ವ, ಶಿಂಷಾ ಹೊಳೆಗಳ ಬಯಲು, ತೆಂಗು ಮಾವಿನ ತೋಟ, ನಡುನಡುವೆ ಒಂದೆರಡು ಎಕರೆಯ ರಾಗಿ ಹೊಲ, ಹಿಪ್ಪುನೇರಳೆ ತಾಕು: ಭೂಮಿ ಹಂಚಿಹೋಗಿರುವುದು ಹೀಗೆ. ಅಣ್ಣತಮ್ಮಂದಿರ ಪಾಲಾಗಿ ಮೂರು ತಲೆಮಾರು ಕಳೆದರೂ ಪೋಡಿ ಆಗದ ಸರ್ವೆ ನಂಬರುಗಳು ಹೇರಳ. ಪಹಣಿಯಲ್ಲಿ ಇನ್ನೂ ತಾತನ ಹೆಸರೇ ಇರುವ ಜಮೀನಿಗೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ, ಯಾವ ಕಂಪನಿಯೂ ಗುತ್ತಿಗೆ ಬರೆಸಿಕೊಳ್ಳುವುದಿಲ್ಲ. ಸೌರ ಯೋಜನೆಯ ಮೊದಲ ಕೆಲಸ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸುವುದೇ ಆಗಿರುತ್ತದೆ. ಪ್ಯಾನೆಲ್ ನಿಲ್ಲಿಸಲು ಕೆಲವು ತಿಂಗಳು ಸಾಕು. ಕಾಗದಪತ್ರಕ್ಕೆ ಹಿಡಿಯುವ ಕಾಲವನ್ನು ಮಾತ್ರ ತಹಶೀಲ್ದಾರರ ಕಚೇರಿಗೆ ಅಲೆದವರೇ ಹೇಳಬೇಕು.

ಎರಡನೆಯ ಅಂಶ ಬೆಂಗಳೂರು. ಬಿಡದಿ, ಹಾರೋಹಳ್ಳಿಗಳ ಕೈಗಾರಿಕಾ ಪ್ರದೇಶಗಳು, ದಶಪಥ ಹೆದ್ದಾರಿ, ಬಡಾವಣೆಗಳು ಇವೆಲ್ಲ ಸೇರಿ ಇಲ್ಲಿಯ ಭೂಮಿಯ ಬೆಲೆಯನ್ನು ಬೇಸಾಯದ ಲೆಕ್ಕಕ್ಕೆ ಸಿಗದಂತೆ ಏರಿಸಿವೆ. ಇಂದಲ್ಲ ನಾಳೆ ಸೈಟಿನ ದರಕ್ಕೆ ಹೋಗಬಹುದಾದ ಜಮೀನನ್ನು ಇಪ್ಪತ್ತೈದು ವರ್ಷಕ್ಕೆ ಎಕರೆ ಬಾಡಿಗೆಗೆ ಬರೆದುಕೊಡು ಎಂದರೆ ಹೆದ್ದಾರಿ ಬದಿಯ ರೈತ ನಗುತ್ತಾನೆ. ಕನಕಪುರದ ದಕ್ಷಿಣದ ಕಾಡಂಚಿನ ಹಳ್ಳಿಗಳಲ್ಲಿ, ಮಾಗಡಿಯ ಒಳನಾಡಿನಲ್ಲಿ ಮಾತು ಬೇರೆ. ಅಲ್ಲಿ ಬೋರ್‌ವೆಲ್ ಬತ್ತಿ, ಮಕ್ಕಳು ನಗರ ಸೇರಿ, ಬೀಳುಬಿದ್ದ ಹೊಲಗಳಿವೆ. ಸೌರಶಕ್ತಿಗೆ ಜಾಗ ಇರುವುದು ಅಲ್ಲೇ.

ಜಮೀನುಳ್ಳ ರೈತರ ಯೋಜನೆ

ಕರ್ನಾಟಕದ 2014ರ ಸೌರನೀತಿ ಜಮೀನು ಇರುವ ರೈತರಿಗೆಂದೇ ಪ್ರತ್ಯೇಕ ಪಾಲು ಇಟ್ಟಿತು. ರೈತ ತನ್ನ ಜಮೀನಿನಲ್ಲಿ 1ರಿಂದ 3 ಮೆಗಾವಾಟ್ ಘಟಕ ಹಾಕಿ ವಿದ್ಯುತ್ತನ್ನು ವಿತರಣಾ ಕಂಪನಿಗೆ ಮಾರಬಹುದಿತ್ತು. ನೋಡಲ್ ಸಂಸ್ಥೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡಲ್). ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಗೊತ್ತುಮಾಡಿದ್ದ ಯೂನಿಟ್‌ಗೆ 8.40 ರೂಪಾಯಿ ದರ ಆ ಕಾಲಕ್ಕೆ ಬಂಗಾರದ ದರವೇ ಸರಿ.

ಕಾಗದದ ಮೇಲೆ ಇದು ಚೆನ್ನಾಗಿತ್ತು. ಆದರೆ ಒಂದು ಮೆಗಾವಾಟ್ ಘಟಕಕ್ಕೆ ಆಗ ಕೋಟಿಗಳಲ್ಲೇ ಬಂಡವಾಳ ಬೇಕಿತ್ತು. ಐದು ಎಕರೆ ಹೊಲ ಇದ್ದವನ ಹತ್ತಿರ ಕೋಟಿ ಎಲ್ಲಿಂದ ಬರಬೇಕು? ಹೂಡಿಕೆದಾರರು ಬಂದರು, ರೈತನ ಹೆಸರಿನ ಮಂಜೂರಾತಿಯ ಮೇಲೆ ಕಂಪನಿಗಳು ಹುಟ್ಟಿಕೊಂಡವು. ಇತ್ತ ಭೂಪರಿವರ್ತನೆ, ಸಬ್‌ಸ್ಟೇಷನ್‌ಗೆ ಸಂಪರ್ಕದ ಅನುಮತಿ ತಡವಾಗಿ ಒಪ್ಪಂದದ ಗಡುವು ಮೀರಿತು. ಅಷ್ಟರಲ್ಲಿ ಪ್ಯಾನೆಲ್ ಬೆಲೆ ಇಳಿದಿತ್ತು, 2015ರಲ್ಲಿ ಆಯೋಗ ಹೊಸ ಯೋಜನೆಗಳ ದರವನ್ನು 6.51 ರೂಪಾಯಿಗೆ ತಂದಿತ್ತು. ತಡವಾದವರಿಗೆ ಹಳೆಯ ದರವೋ ಹೊಸ ದರವೋ ಎಂಬ ಜಗಳ ಆಯೋಗದಿಂದ ದೆಹಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಬೆಸ್ಕಾಂ ಮತ್ತು ಹಿರೇಹಳ್ಳಿ ಸೋಲಾರ್ ಪವರ್ ಪ್ರಾಜೆಕ್ಟ್ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಉತ್ಪಾದಕರ ಪರ ತೀರ್ಪು ಕೊಟ್ಟಿತು: ಸರ್ಕಾರಿ ಕಚೇರಿಗಳಲ್ಲಾದ ವಿಳಂಬಕ್ಕೆ ಯೋಜನೆಯವರನ್ನು ಶಿಕ್ಷಿಸುವಂತಿಲ್ಲ. ರೈತರ ಹೆಸರಿನ ಯೋಜನೆಯೊಂದು ದರದ ಖಾತ್ರಿಗಾಗಿ ಇಷ್ಟು ವರ್ಷ ಕೋರ್ಟು ಅಲೆಯಬೇಕಾಯಿತು ಎಂದರೆ, ನಿಜವಾದ ಸಣ್ಣ ರೈತ ಅದರಲ್ಲಿ ಉಳಿಯುವ ಮಾತೇ ಇರಲಿಲ್ಲ.

ಹಾರೋಬೆಲೆಯ ಸೂರ್ಯ ರೈತ

ಅದೇ ಹೊತ್ತಿಗೆ ಬೇರೊಂದು ದಾರಿಯೂ ತೆರೆಯಿತು. ರೈತನಿಗೆ ಹೊಸ ಘಟಕ ಬೇಡ, ಇರುವ ಬೋರ್‌ವೆಲ್ ಮೋಟಾರಿಗೇ ಸೋಲಾರ್ ಕಟ್ಟಿ, ನೀರು ಹಾಯಿಸಿ ಉಳಿದ ಕರೆಂಟನ್ನು ಗ್ರಿಡ್‌ಗೆ ಬಿಡಲಿ ಎಂಬುದು ‘ಸೂರ್ಯ ರೈತ’ ಯೋಜನೆಯ ತಿರುಳು. ಪ್ರಾಯೋಗಿಕ ಜಾಗವಾಗಿ ಆಯ್ಕೆಯಾದದ್ದು ಅರ್ಕಾವತಿ ಜಲಾಶಯದ ನೆರೆಯ ಹಾರೋಬೆಲೆ. ಆಗ ಇಂಧನ ಸಚಿವರಾಗಿದ್ದವರು ಕನಕಪುರದ ಶಾಸಕ ಡಿ.ಕೆ. ಶಿವಕುಮಾರ್ ಎಂಬುದನ್ನು ನೆನೆದರೆ ಈ ಆಯ್ಕೆಗೆ ಬೇರೆ ವಿವರಣೆ ಬೇಡ. ಸುಮಾರು 310 ಪಂಪ್‌ಸೆಟ್‌ಗಳನ್ನು ಗುರಿಯಾಗಿಟ್ಟುಕೊಂಡು ರೈತರ ಸಹಕಾರ ಸಂಘವನ್ನೂ ರಚಿಸಲಾಯಿತು. ಸಹಾಯಧನ ಪಡೆದ ಘಟಕದ ವಿದ್ಯುತ್ತಿಗೆ ಯೂನಿಟ್‌ಗೆ 7.20 ರೂಪಾಯಿ, ಪಡೆಯದಿದ್ದರೆ 9.56 ರೂಪಾಯಿ ಎಂಬುದು ದರ. ಬಂದ ಹಣದಲ್ಲಿ ದೊಡ್ಡ ಪಾಲು ಸಾಲಕ್ಕೆ ಜಮೆ, ಚಿಕ್ಕ ಪಾಲು ರೈತನ ಕೈಗೆ. ಸಾಲ ತೀರಿದ ಮೇಲೆ ಪೂರ್ತಿ ಅವನದೇ.

ಇದರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡಬೇಕು. ಹೊಲದ ಮೂಲೆಯಲ್ಲಿ, ಮೋಟಾರಿನ ಶಕ್ತಿಗಿಂತ ದೊಡ್ಡದಾದ ಪ್ಯಾನೆಲ್ ಸಾಲು. ಪಕ್ಕದ ಪೆಟ್ಟಿಗೆಯಲ್ಲಿ ಇನ್‌ವರ್ಟರ್, ಎರಡೂ ದಿಕ್ಕಿಗೆ ಓಡುವ ಮೀಟರು. ಬೆಳೆಗೆ ನೀರು ಬೇಕಾದಾಗ ಮೋಟಾರು ಹಾಕು, ಬೇಡವಾದಾಗ ಆರಿಸು. ಆರಿಸಿದ ಗಳಿಗೆಯಿಂದ ಮೀಟರು ನಿನ್ನ ಕಡೆಗೆ ದುಡಿಯುತ್ತದೆ. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹೀಗಾಗಿ ಮೋಟಾರನ್ನು ಆರಿಸುವುದಕ್ಕೆ ಯಾರಿಗೂ ಕಾರಣವೇ ಇರಲಿಲ್ಲ. ಆಟೋ ಸ್ಟಾರ್ಟರ್ ಹಾಕಿ ಮಲಗಿದರೆ ಮೂರು ಫೇಸ್ ಬಂದಾಗ ನೀರು ತಾನೇ ಬರುತ್ತದೆ, ಹರಿದು ಹೋದರೂ ಕೇಳುವವರಿಲ್ಲ. ಸೂರ್ಯ ರೈತದಲ್ಲಿ ಮೊದಲ ಬಾರಿಗೆ ಉಳಿಸಿದ ನೀರಿಗೆ ಬೆಲೆ ಬಂತು. ಅಂತರ್ಜಲ ಪಾತಾಳ ಸೇರಿರುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಕೃಷಿ ಅರ್ಥಶಾಸ್ತ್ರಜ್ಞ ತುಷಾರ್ ಶಾ ಸೌರವಿದ್ಯುತ್ತನ್ನೇ ಒಂದು ಲಾಭದ ಬೆಳೆಯೆಂದು ಎಣಿಸಿ ಪ್ರತಿಪಾದಿಸುತ್ತ ಬಂದ ವಾದವೂ ಇದೇ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿಯಲ್ಲಿ 2016ರಲ್ಲಿ ಕೇವಲ ಆರು ರೈತರು ಸೇರಿ ಕಟ್ಟಿದ ಸೌರ ಸಹಕಾರ ಸಂಘ ದೇಶದ ಗಮನ ಸೆಳೆದದ್ದು ಇದೇ ತತ್ವದ ಮೇಲೆ.

ಹಗಲಲ್ಲೇ ಸಿಗುವ ಸೌರ ಕರೆಂಟಿನಿಂದ ಕನಕಪುರಕ್ಕೆ ಇನ್ನೊಂದು ಲಾಭವೂ ಉಂಟು. ಬನ್ನೇರುಘಟ್ಟ ಮತ್ತು ಕಾವೇರಿ ವನ್ಯಧಾಮದ ಅಂಚಿನ ಹಳ್ಳಿಗಳಲ್ಲಿ, ಕಬ್ಬಾಳು ಕಾಡಿನ ಸುತ್ತ ಆನೆ ಕಾಟ ನಿತ್ಯದ್ದು. ಮೂರು ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಗೇಟ್‌ವಾಲ್ ತಿರುಗಿಸಲು ಟಾರ್ಚ್ ಹಿಡಿದು ಹೊಲಕ್ಕೆ ಹೋಗಬೇಕು. ಆನೆ ಹೊಲಕ್ಕಿಳಿಯುವುದೂ ಅದೇ ಹೊತ್ತಿಗೆ. ಹಗಲಲ್ಲಿ ಕರೆಂಟು ಕೊಡಿ ಎಂದು ಇಲ್ಲಿಯ ರೈತ ಕೇಳುವುದು ಅನುಕೂಲಕ್ಕಾಗಿ ಅಲ್ಲ, ಜೀವಭಯದಿಂದ. ಈ ಊರುಗಳ ಜನ ಸೋಲಾರ್ ಎಂಬ ಮಾತನ್ನು ಮೊದಲು ಕಲಿತದ್ದೂ ಬೇಲಿಯಿಂದಲೇ, ಆನೆ ತಡೆಯುವ ಸೋಲಾರ್ ತಂತಿಬೇಲಿಯಿಂದ.

ತೊಡಕುಗಳೂ ಸ್ಪಷ್ಟವಾಗಿದ್ದವು. ಗ್ರಿಡ್‌ಗೆ ಕಟ್ಟಿದ ಇನ್‌ವರ್ಟರ್, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ಕಳುಹಿಸುವುದನ್ನು ನಿಲ್ಲಿಸುತ್ತದೆ. ಕಂಬದ ಮೇಲಿನ ಲೈನ್‌ಮನ್ ಬದುಕಿ ಉಳಿಯಬೇಕಾದರೆ ಹಾಗೆಯೇ ಆಗಬೇಕು. ಆದ್ದರಿಂದ ಸಬ್‌ಸ್ಟೇಷನ್‌ನಿಂದ ಹೊಲಗಳಿಗೆ ಬರುವ ಫೀಡರ್ ಲೈನು ಹಗಲೆಲ್ಲ ಜೀವಂತ ಇದ್ದರೆ ಮಾತ್ರ ರೈತನಿಗೆ ಮಾರಾಟದ ಆದಾಯ. ಕೃಷಿ ಫೀಡರ್‌ಗೆ ದಿನಕ್ಕೆ ಏಳು ಗಂಟೆ ಎಂದು ಪಾಳಿ ಹಾಕುವ ವ್ಯವಸ್ಥೆಯೊಳಗೆ ಇದು ಹೊಂದುವುದಿಲ್ಲ, ಇಡೀ ಫೀಡರ್‌ನ ವೇಳಾಪಟ್ಟಿಯನ್ನೇ ಬದಲಿಸಬೇಕು. ನೂರಾರು ಕಡೆ ಚದುರಿದ ಮೀಟರು ಓದುವುದು, ಪ್ಯಾನೆಲ್ ಕಾಯುವುದು, ಕೆಟ್ಟರೆ ರಿಪೇರಿ ಮಾಡಿಸುವುದು ಇದ್ದೇ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ದೊಡ್ಡ ಪಾರ್ಕುಗಳಲ್ಲಿ ದರ ಮೂರು ರೂಪಾಯಿಯ ಆಸುಪಾಸಿಗೆ ಇಳಿದ ಮೇಲೆ ಏಳು ರೂಪಾಯಿ ಕೊಟ್ಟು ರೈತನಿಂದ ಕೊಳ್ಳುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. ಪ್ರಯೋಗ ಆ ಸೀಮೆಯನ್ನು ದಾಟಿ ರಾಜ್ಯದ ಪದ್ಧತಿಯಾಗಲಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ ಅಲ್ಲಿ ಸೋತದ್ದು ಲೆಕ್ಕ, ತತ್ವವಲ್ಲ. ಉಳಿದ ನೀರಿನ ಬೆಲೆಯನ್ನೂ ಉಚಿತ ವಿದ್ಯುತ್ತಿಗೆ ಸರ್ಕಾರ ಸುರಿಯುವ ಸಹಾಯಧನವನ್ನೂ ಲೆಕ್ಕಕ್ಕೆ ಹಿಡಿದಿದ್ದರೆ ಏಳು ರೂಪಾಯಿ ಅಷ್ಟೇನೂ ದುಬಾರಿ ಎನಿಸುತ್ತಿರಲಿಲ್ಲ.

ಪಾವಗಡದ ಪಾಠ

ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆಯುವ ಮಾದರಿಗೆ ರಾಜ್ಯದ ದೊಡ್ಡ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ. 2015ರಲ್ಲಿ ರಚಿತವಾದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ರೈತರಿಂದ 28 ವರ್ಷದ ಗುತ್ತಿಗೆ ಪಡೆಯಿತು. ಬಾಡಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ಬಾರದ, ಕಡಲೆಕಾಯಿ ಕೈಕೊಟ್ಟ ಸೀಮೆಗೆ ಅದು ನಿಜಕ್ಕೂ ಆಸರೆಯಾಯಿತು. ಮಾಲೀಕತ್ವವೂ ರೈತನಲ್ಲೇ ಉಳಿಯಿತು.

ಆದರೆ ಬಾಡಿಗೆ ಏರುವ ಗತಿಯನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 28 ವರ್ಷದ ಕೊನೆಗೆ ಎಕರೆ ಬಾಡಿಗೆ ಮುಟ್ಟುವುದು ಸುಮಾರು 39,600 ರೂಪಾಯಿ. ಅಂದರೆ ಕೊನೆಯ ಏರಿಕೆಯ ಹೊತ್ತಿಗೆ ಇಪ್ಪತ್ತಾರು ವರ್ಷ ಕಳೆದರೂ ದುಪ್ಪಟ್ಟೂ ಇಲ್ಲ. ಬೆಲೆಗಳು ವರ್ಷಕ್ಕೆ ಶೇ 5ರಂತೆ ಏರಿದರೂ ಅಷ್ಟರಲ್ಲಿ ಮೂರೂವರೆ ಪಟ್ಟು ಆಗಿರುತ್ತವೆ. ಇದರ ಜೊತೆಗೆ ಜಮೀನಿಲ್ಲದವರ ಪ್ರಶ್ನೆ. ಹೊಲವಿದ್ದವನಿಗೆ ಬಾಡಿಗೆ ಬಂತು. ಆ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ, ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಬಂದದ್ದು ತಂತಿಬೇಲಿ. ಕೆಲವರಿಗೆ ಹುಲ್ಲು ಕೊಯ್ಯುವ, ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ ಸಿಕ್ಕಿತು, ಎಲ್ಲರಿಗೂ ಅಲ್ಲ. ಕನಕಪುರ, ಮಾಗಡಿ ಕಡೆ ಗೋಮಾಳಗಳ ಮೇಲೆ ಸೌರಘಟಕದ ಪ್ರಸ್ತಾಪ ಬಂದಾಗ ಗ್ರಾಮಸಭೆ ಮೊದಲು ಕೇಳಬೇಕಾದದ್ದು ಕುರಿಗಾಹಿಗಳನ್ನು.

ಕುಸುಮ್ ಮತ್ತು ಫೀಡರ್ ಸೌರೀಕರಣ

ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಪಿಎಂ-ಕುಸುಮ್ ಯೋಜನೆ ಇಂದು ಈ ತಾಲ್ಲೂಕುಗಳ ಮಟ್ಟಿಗೆ ಹೆಚ್ಚು ಪ್ರಸ್ತುತ. ಅದರ ‘ಎ’ ಭಾಗದಲ್ಲಿ 500 ಕಿಲೊವಾಟ್‌ನಿಂದ 2 ಮೆಗಾವಾಟ್‌ವರೆಗಿನ ಘಟಕಗಳನ್ನು ಸಬ್‌ಸ್ಟೇಷನ್‌ನಿಂದ ಐದು ಕಿಲೊಮೀಟರ್ ಒಳಗೆ, ಬಂಜರು ಅಥವಾ ಬೀಳು ಭೂಮಿಯಲ್ಲಿ ಹಾಕಬಹುದು. ಒಬ್ಬ ರೈತ, ರೈತರ ಗುಂಪು, ಸಹಕಾರ ಸಂಘ, ಪಂಚಾಯಿತಿ, ರೈತ ಉತ್ಪಾದಕ ಸಂಸ್ಥೆ ಯಾರು ಬೇಕಾದರೂ ಉತ್ಪಾದಕರಾಗಬಹುದು. ಬಂಡವಾಳ ಇಲ್ಲದವರು ಜಮೀನನ್ನು ಗುತ್ತಿಗೆಗೆ ಕೊಡಬಹುದು. ಮಾರ್ಗಸೂಚಿಯಲ್ಲಿ ಎರಡು ಒಳ್ಳೆಯ ಅಂಶಗಳಿವೆ, ಆದರೆ ಊರಲ್ಲಿ ಅವು ಅಷ್ಟಾಗಿ ಗೊತ್ತಿಲ್ಲ: ಬಾಡಿಗೆಯನ್ನು ಎಕರೆ ಲೆಕ್ಕದ ಬದಲು ಉತ್ಪಾದನೆಯಾದ ಯೂನಿಟ್ ಲೆಕ್ಕದಲ್ಲೂ ಗೊತ್ತುಮಾಡಿಕೊಳ್ಳಬಹುದು, ಬಾಡಿಗೆಯನ್ನು ವಿತರಣಾ ಕಂಪನಿಯೇ ಉತ್ಪಾದಕನಿಗೆ ಕೊಡಬೇಕಾದ ಹಣದಿಂದ ಮುರಿದು ನೇರ ಜಮೀನಿನ ಒಡೆಯನ ಖಾತೆಗೆ ಹಾಕಬಹುದು. ಕಂಪನಿ ಕೈಬದಲಾದರೂ ಮುಳುಗಿದರೂ ರೈತನ ಪಾಲು ಸುರಕ್ಷಿತವಾಗಿರಲಿ ಎಂಬುದು ಇದರ ಉದ್ದೇಶ.

‘ಬಿ’ ಭಾಗ ಗ್ರಿಡ್ ಸಂಪರ್ಕವಿಲ್ಲದ ಸೌರ ಪಂಪ್‌ಸೆಟ್‌ಗಳಿಗೆ. ‘ಸಿ’ ಭಾಗ ಮೊದಲಿಗೆ ಹಾರೋಬೆಲೆಯಂತೆಯೇ ಒಂದೊಂದು ಪಂಪ್‌ಸೆಟ್‌ಗೂ ಪ್ಯಾನೆಲ್ ಎಂದು ಹೊರಟು, 2020ರ ಕೊನೆಗೆ ಇಡೀ ಕೃಷಿ ಫೀಡರ್‌ಗೆ ಒಂದೇ ಘಟಕ ಎಂಬ ದಾರಿಗೂ ತೆರೆದುಕೊಂಡಿತು. ಕರ್ನಾಟಕ ಹಿಡಿದದ್ದು ಈ ಎರಡನೆಯ ದಾರಿಯನ್ನು. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಬಳಕೆಯ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರ್ಪಡಿಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಸಬ್‌ಸ್ಟೇಷನ್ ಪಕ್ಕದಲ್ಲೇ ಘಟಕ, ಹಗಲಲ್ಲೇ ಏಳು ಗಂಟೆ ಮೂರು ಫೇಸ್. ಕೇಂದ್ರದ ನೆರವು ಮೆಗಾವಾಟ್‌ಗೆ 1.05 ಕೋಟಿ ರೂಪಾಯಿವರೆಗೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಚರಕಮಟ್ಟೇನಹಳ್ಳಿಯಲ್ಲಿ ಇಂಥ ಘಟಕವನ್ನು 2025ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಸರ್ಕಾರಿ ಜಾಗ ಸಿಗದ ಕಡೆ ಖಾಸಗಿ ಜಮೀನಿಗೆ ಎಕರೆಗೆ ವರ್ಷಕ್ಕೆ 25,000 ರೂಪಾಯಿ ಬಾಡಿಗೆ ಗೊತ್ತುಮಾಡಲಾಗಿದೆ.

ಫೀಡರ್ ಸೌರೀಕರಣದಿಂದ ರೈತನಿಗೆ ಹಗಲು ಕರೆಂಟು ಸಿಗುವುದು ಖಂಡಿತ. ಆದರೆ ಹಾರೋಬೆಲೆಯಲ್ಲಿ ಇದ್ದದ್ದು ಇಲ್ಲಿ ಇಲ್ಲ: ರೈತ ಮತ್ತೆ ಬರೀ ಬಳಕೆದಾರ, ಮೋಟಾರು ಆರಿಸಿದರೆ ಅವನಿಗೆ ಸಿಗುವುದೇನೂ ಇಲ್ಲ. ಜಮೀನು ಕೊಟ್ಟವನ ಪಾಲೂ ಸಣ್ಣದು. ಒಂದು ಮೆಗಾವಾಟ್‌ಗೆ ನಾಲ್ಕು ಎಕರೆ ಬೇಕು, ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಹುಟ್ಟುತ್ತದೆ ಎನ್ನೋಣ. ಯೂನಿಟ್‌ಗೆ 3 ರೂಪಾಯಿ ಹಿಡಿದರೂ ಘಟಕದ ವರಮಾನ 48 ಲಕ್ಷ. ಅದರಲ್ಲಿ ನಾಲ್ಕು ಎಕರೆಯ ಬಾಡಿಗೆ 1 ಲಕ್ಷ, ಅಂದರೆ ನೂರಕ್ಕೆ ಎರಡು ರೂಪಾಯಿ. ಬಂಡವಾಳ, ಬಡ್ಡಿ, ನಿರ್ವಹಣೆ ಕಂಪನಿಯದೇ ನಿಜ. ಆದರೂ ಬಾಡಿಗೆಯನ್ನು ದುಪ್ಪಟ್ಟು ಮಾಡಿದರೆ ಕರೆಂಟಿನ ದರಕ್ಕೆ ಸೇರುವುದು ಆರೇಳು ಪೈಸೆ. ಬೆಂಗಳೂರಿನ ಮಗ್ಗುಲಲ್ಲಿರುವ ಜಮೀನಿಗೂ ಪಾವಗಡದ ಬರದ ಜಮೀನಿಗೂ ಹೆಚ್ಚುಕಡಿಮೆ ಒಂದೇ ಬಾಡಿಗೆ ಎನ್ನುವುದು ನ್ಯಾಯವಾಗಿ ಕಾಣುವುದಿಲ್ಲ.

ರೇಷ್ಮೆ, ಬೊಂಬೆ, ಹಾಲು

ನೆಲವನ್ನೇ ಕೇಳದ ಸೌರಶಕ್ತಿಗೂ ಇಲ್ಲಿ ಅವಕಾಶವಿದೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಅಲ್ಲಿಂದ ಗೂಡು ಒಯ್ಯುವ ರೀಲರುಗಳಿಗೆ ನೂಲು ಬಿಚ್ಚಲು ಬಿಸಿನೀರು ಬೇಕು, ಯಂತ್ರ ತಿರುಗಲು ಕರೆಂಟು ಬೇಕು. ಹಳ್ಳಿಯ ಹುಳುಮನೆಗಳ ಶೀಟಿನ ಚಾವಣಿಗಳು ಖಾಲಿ ಬಿದ್ದಿವೆ. ಚನ್ನಪಟ್ಟಣದ ಬೊಂಬೆ ಕಡೆಯುವ ಲೇತ್‌ಗಳಿಗೂ ಹಗಲಿನ ಕರೆಂಟೇ ಸಾಕು. ಆದರೆ ರೀಲರುಗಳಲ್ಲಿ, ಬೊಂಬೆ ಕುಶಲಕರ್ಮಿಗಳಲ್ಲಿ ಅನೇಕರು ಬಾಡಿಗೆ ಶೆಡ್ಡಿನವರು. ಚಾವಣಿ ಒಬ್ಬರದು, ಕರೆಂಟು ಬಿಲ್ಲು ಇನ್ನೊಬ್ಬರದು. 2024ರ ಪಿಎಂ ಸೂರ್ಯ ಘರ್ ಯೋಜನೆ 3 ಕಿಲೊವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ ಕೊಡುವುದು ವಾಸದ ಮನೆಗಳಿಗೆ. ಶೆಡ್ಡಿಗೆ ಅದು ಸಲ್ಲುವುದಿಲ್ಲ.

ಸಹಕಾರದ ಅಭ್ಯಾಸ ಇಲ್ಲಿಗೆ ಹೊಸದಲ್ಲ. ಬೆಳಗ್ಗೆ ಸಂಜೆ ಹಾಲು ಅಳೆದು, ಜಿಡ್ಡಿನ ಅಂಶ ನೋಡಿ, ಲೆಕ್ಕ ಬರೆದು, ಹಣ ಹಂಚುವ ಡೇರಿ ಸಂಘಗಳು ಹಳ್ಳಿಹಳ್ಳಿಯಲ್ಲೂ ಇವೆ. ಬೆಂಗಳೂರು ಹಾಲು ಒಕ್ಕೂಟದ ದೊಡ್ಡ ಡೇರಿ ಕನಕಪುರದ ಬಳಿಯೇ ಇದೆ. ಹಾಲು ಅಳೆದು ಹಣ ಹಂಚಬಲ್ಲ ಸಂಘಕ್ಕೆ ಯೂನಿಟ್ ಅಳೆದು ಹಂಚುವುದು ಕಷ್ಟವೇನಲ್ಲ. ವಿದ್ಯುತ್ ವ್ಯವಹಾರವನ್ನು ಸಹಕಾರಿಗಳು ನಡೆಸಲಾರರು ಎನ್ನುವವರಿಗೆ ಉತ್ತರವಾಗಿ ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ನಿಂತಿದೆ. ಕುಸುಮ್ ‘ಎ’ ಭಾಗವನ್ನು ಇಲ್ಲಿಯ ಸಂಘಗಳು ಕೈಗೆತ್ತಿಕೊಳ್ಳಬೇಕೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಕರಾರು

ಸೌರಘಟಕಕ್ಕೆ ಜಮೀನು ಕೊಡುವ ಗುತ್ತಿಗೆ ಕರಾರು ಒಂದು ವರ್ಷಕ್ಕೆ ಮೀರಿದ್ದಾದರೆ ನೋಂದಣಿ ಆಗಲೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಗುತ್ತಿಗೆಯೂ ಪರಭಾರೆಯೇ, ಪೂರ್ವಾನುಮತಿ ಇಲ್ಲದೆ ಸಲ್ಲದು. ಬಗರ್ ಹುಕುಂ ಸಾಗುವಳಿಯಲ್ಲಿರುವವರು ಹಕ್ಕುಪತ್ರ ಕೈಗೆ ಬರುವ ಮೊದಲೇ ಯಾರಿಗೂ ಒಪ್ಪಿಗೆ ಬರೆದುಕೊಡಬಾರದು. ಗುತ್ತಿಗೆ ಜಮೀನನ್ನು ಕಂಪನಿ ಬ್ಯಾಂಕಿಗೆ ಅಡ ಇಡಬಹುದೇ, ಅವಧಿ ಮುಗಿದ ಮೇಲೆ ಕಾಂಕ್ರೀಟ್ ಬುನಾದಿ ಕಿತ್ತು ಪ್ಯಾನೆಲ್ ಸಾಗಿಸುವ ಖರ್ಚು ಯಾರದು, ಬೋರ್‌ವೆಲ್ ನೀರಿನಲ್ಲಿ ಪ್ಯಾನೆಲ್ ತೊಳೆಯಲು ಅನುಮತಿ ಉಂಟೇ, ಊರವರಿಗೆ ಎಷ್ಟು ಕೆಲಸ ಎಂಬ ನಾಲ್ಕು ಮಾತು ಕರಾರಿನಲ್ಲಿ ಕನ್ನಡದಲ್ಲೇ ಬರೆದಿರಬೇಕು. ಬಾಡಿಗೆ ಏರಿಕೆ ವರ್ಷಕ್ಕೊಮ್ಮೆ ಇರಲಿ, ಒಂದಂಶ ಯೂನಿಟ್ ಲೆಕ್ಕದಲ್ಲಿ ಬರಲಿ, ಹಣ ಬೆಸ್ಕಾಂನಿಂದ ನೇರ ಖಾತೆಗೆ ಬೀಳಲಿ ಎಂದು ಪಟ್ಟು ಹಿಡಿಯಿರಿ. ಇಂಗ್ಲಿಷಿನ ಕರಡು ತಂದು ಇಂದೇ ಸಹಿ ಹಾಕಿ ಎನ್ನುವವರನ್ನು ವಾಪಸು ಕಳುಹಿಸಿ.